ಸಹಾಯ ಬೇಕು: ಆರೋಗ್ಯದ ಬಗ್ಗೆ ನಂಬೋ ಹಂಗಿರೋ ಮಾಹಿತಿ ಎಲ್ಲಿ ಸಿಗುತ್ತೆ?
ಎಲ್ರಿಗೂ ನಮಸ್ಕಾರ, ಒಂದು ಹೆಲ್ಪ್ ಬೇಕಿತ್ತು. ಫ್ಯಾಮಿಲಿ ಗ್ರೂಪಲ್ಲಿ ಬೆಳಗಾದ್ರೆ ಸಾಕು ಆರೋಗ್ಯದ ಫಾರ್ವರ್ಡ್‌ಗಳು, ಒಂದ್ರಲ್ಲಿ ಪಿಂಕ್ ಸಾಲ್ಟ್ ತಿಂದ್ರೆ ಬಿಪಿನೇ ಬರಲ್ಲ ಅಂತ ಇತ್ತು, ಅಪ್ಪ ಅದನ್ನೇ ನಂಬ್ಕೊಂಡು ಊಟಕ್ಕೆ ಮೇಲಿಂದ ಉದುರಿಸ್ಕೋತಾರೆ. ಯಾವ ಬಣ್ಣದ ಉಪ್ಪಾದ್ರೂ ಅದ್ರಲ್ಲಿರೋದು ಹೆಚ್ಚುಕಮ್ಮಿ ಸೋಡಿಯಂ ಕ್ಲೋರೈಡೇ, ವಿಶ್ವ ಆರೋಗ್ಯ ಸಂಸ್ಥೆನೇ ದೊಡ್ಡೋರಿಗೆ ದಿನಕ್ಕೆ 5 ಗ್ರಾಂಗಿಂತ ಕಮ್ಮಿ, ಅಂದ್ರೆ ಒಂದು ಟೀ ಚಮಚದೊಳಗೆ ಇರ್ಬೇಕು ಅನ್ನುತ್ತೆ ಅಂತ ತೋರಿಸಿದ್ರೂ "ನಿಂಗೇನ್ ಗೊತ್ತು" ಅಂತಾರೆ. ವಾರಕ್ಕೆ 150 ನಿಮಿಷ ಬಿರಬಿರನೆ ನಡೀರಿ ಅಂದ್ರೂ ಅದೇ ಕಥೆ (ನಾನೂ ಅಷ್ಟು ನಡೆಯಲ್ಲ, ಅದು ಬೇರೆ ಮಾತು). ಡಾಕ್ಟರ್‌ಗಳೇ ಬರೆದಿರೋ, ಕೊನೇಲಿ ಏನೂ ಮಾರೋಕೆ ಬರದೆ ಇರೋ, ವಯಸ್ಸಾದೋರಿಗೂ ಅರ್ಥ ಆಗೋ ಕನ್ನಡದ ಮಾಹಿತಿ ಗೊತ್ತಿದ್ರೆ ಲಿಂಕ್ ಹಾಕಿ ಪ್ಲೀಸ್. ಮನೇಲಿ ಇಂಥೋರನ್ನ ಒಪ್ಪಿಸಿದೋರು ಯಾರಾದ್ರೂ ಇದ್ರೆ ಹೆಂಗೆ ಒಪ್ಪಿಸಿದ್ರಿ ಅದನ್ನೂ ಹೇಳಿ, ಮುಂದಿನ ವಾರ ಅಪ್ಪನ ಚೆಕಪ್ ಇದೆ.