ಹೊಗೆಗೂ ಬಿಲ್

"ಕಟ್ಟಿಗೆ ಒಲೆಯ ತೆಳ್ಳೇವಿಗೆ, ಅದೇ ನಮ್ಮ ತೆಳು ದೋಸೆಗೆ, ಗ್ಯಾಸ್ ಒಲೆಯದರ ಡಬಲ್ ರೇಟಂತೆ, ಆ ಹೊಸ ಹೋಂಸ್ಟೇನಲ್ಲಿ," ಅಂದ ಪರಮೇಶಿ, ಎಲೆಯಡಿಕೆ ಕವಳ ಮಡಚುತ್ತಾ.

"ಅಂದ್ರೆ ಅರ್ಧ ದುಡ್ಡು ಹೊಗೇದು," ಅಂದ ಮಾಬ್ಲ. "ನಮ್ಮನೆ ಬಚ್ಚಲ ಒಲೆಯಿಂದ ದಿನಾ ಎಷ್ಟು ಮಾಲು ಸುಮ್ನೆ ಹೋಗ್ತಿದೆ ಮಾರಾಯ! ಹಸಿ ಸೋಗೆ ತುರುಕಿದ್ರೆ ಉತ್ಪತ್ತಿ ಇನ್ನೂ ಜಾಸ್ತಿ."

"ತಮಾಷೆ ಅಲ್ಲ. ಇಟಲಿಯಲ್ಲಿ ಮನೆ ಬೆಚ್ಚಗಿಡೋಕೆ ಮರದ ಪುಡಿ ಒತ್ತಿ ಮಾಡಿದ ಪೆಲೆಟ್ ಉರಿಸ್ತಾರೆ. ಫಿನ್ಲೆಂಡಿನಲ್ಲಿ ಕಟ್ಟಿಗೆ ಉರಿಸಿ, ಕಲ್ಲು ಕಾಯಿಸಿ, ಬಾಗಿಲು ಹಾಕ್ಕೊಂಡು ಬೆವರ್ತಾರೆ. ಸೌನಾ ಅಂತ."

"ಗಪ್ಪಣ್ಣನ ಹೆಂಡತಿ ಅಡಿಕೆ ಬೇಯಿಸೋ ಒಲೆ ಮುಂದೆ ಪ್ರತಿ ವರ್ಷ ಮಾಡ್ತಾರಲ್ಲ ಅದನ್ನ. ಮೇಲಿಂದ ಕೆಂಪಡಿಕೆಯೂ ಸಿಗತ್ತೆ."

ಗಪ್ಪಣ್ಣ ಮಾತು ಬದಲಿಸಿದ. "ಅಸ್ತ್ರ ಒಲೆ ನೆನಪಿದೆಯೇನೋ? ಬೆಂಗಳೂರಿನ ಐಐಎಸ್ಸಿ ವಿಜ್ಞಾನಿಗಳು ಮಾಡಿದ್ದು. ಕಟ್ಟಿಗೆ ಕಡಿಮೆ, ಹೊಗೆ ಕೊಳವೆಯಲ್ಲಿ ಮಾಡಿನ ಮೇಲೆ."

"ಹೋಂಸ್ಟೇನವರಿಗೆ ಅದು ನಷ್ಟದ ಒಲೆ. ಗಿರಾಕಿಗೆ ಮುಟ್ಟಬೇಕಾದ ಮಾಲು ಮಾಡಿನ ಮೇಲಿಂದ ಹೋಗಿಬಿಡತ್ತಲ್ಲ!"

"ಗೋಬರ್ ಗ್ಯಾಸ್? ನಮ್ಮ ಶಿರಸಿ ಅದಕ್ಕೇ ಹೆಸರಾದ ಊರು."

"ಹೊಗೆಯೇ ಇಲ್ಲ. ಏನು ಅಂತ ಬಿಲ್ ಹಾಕ್ತಾರೆ?"

"ನೋಡು, ಜಗತ್ತಿಡೀ ಕಟ್ಟಿಗೆಗೇ ವಾಪಸ್ ಬರ್ತಿದೆ," ಪರಮೇಶಿ ಬಿಡಲಿಲ್ಲ.

"ವಾಪಸ್ ಬರೋಕೆ ಮೊದಲು ಬಿಟ್ಟಿರಬೇಕಲ್ಲ? 200 ಕೋಟಿಗೂ ಜಾಸ್ತಿ ಜನ ಇನ್ನೂ ಕಟ್ಟಿಗೆ, ಇದ್ದಲು, ಬೆರಣಿ, ಸೀಮೆಎಣ್ಣೆ ಇಂಥದ್ರಲ್ಲೇ ಅಡುಗೆ ಮಾಡ್ತಿದ್ದಾರೆ. ಇಟಲಿಯವನ ಹೊಗೆ ಚಿಮಣಿ ಹತ್ತತ್ತೆ. ಆಫ್ರಿಕಾದ ಹಳ್ಳಿಯಲ್ಲಿ ಮೂರು ಕಲ್ಲಿನ ಒಲೆ, ಹೊಗೆ ಎದೆಗೇ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಸುಮಾರು 32 ಲಕ್ಷ ಜನ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಅವರಿಗೆ ಯಾರೂ ಸೌನಾ ಅಂದಿರಲಿಲ್ಲ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಪರಮೇಶಿ ಸುಣ್ಣದ ಡಬ್ಬಿ ಹುಡುಕಿದ. ಅದು ಅವನ ಕೈಯಲ್ಲೇ ಇತ್ತು.

"ನಮ್ಮ ಆಯಿ ಮಳೆಗಾಲದಲ್ಲಿ ಹಸಿ ಕಟ್ಟಿಗೆ ಊದ್ತಿದ್ಲು," ಅಂದ ಮಾಬ್ಲ. "ಕಣ್ಣೆಲ್ಲ ಕೆಂಪು. ಯಾಕೆ ಆಯಿ ಅಂದ್ರೆ, ಹೊಗೆ ಕಣೋ ಅಂತಿದ್ಲು. ಅಪ್ಪನ ಜೊತೆ ಜಗಳ ಆದ ದಿನವೂ ಹೊಗೆಯೇ."

"ಹಾಗಾದ್ರೆ ಭಾನುವಾರ ತೆಳ್ಳೇವು ಬೇಡ್ವಾ?"

"ಬೇಡ ಅಂದವರ್ಯಾರು? ಒಲೆ ನಾವೇ ಊದ್ತೇವೆ, ಎಷ್ಟು ಕಡಿಮೆ ಮಾಡ್ತಾರೆ ಕೇಳು."

ಪರಮೇಶಿ ಫೋನ್ ಹಚ್ಚಿದ. ಎರಡು ಸಲ "ಹೌದಾ?" ಅಂದ. ಆಮೇಲೆ ಫೋನ್ ಕೆಳಗಿಟ್ಟ.

"ಊದೋದಕ್ಕೆ ಬೇರೆ ಚಾರ್ಜಂತೆ. ಊದುಕೊಳವೆ ಬಾಡಿಗೆ ಸೇರಿಸಿ."