ಇಳಿಜಾರು ತೋಟ, ಕೆಳಗಿನ ಸಾಲುಗಳಲ್ಲಿ ನೀರು ಬಸಿಯುತ್ತಿಲ್ಲ

ತೋಟಿಗ:
ಸಾಗರ ಕಡೆಯ ಅಡಿಕೆ ತೋಟ, ಅರ್ಧ ಎಕರೆ. ಮೇಲ್ತುದಿಯಲ್ಲಿ ಎಂಟಡಿ ಧರೆ (ಗುಡ್ಡ ಕಡಿದಾಗ ಉಳಿದ ಕಡಿದಾದ ಮಣ್ಣಿನ ಗೋಡೆ). ಕೆಳಗಿನ ನಾಲ್ಕು ಸಾಲು ಪೂರಾ ಜೇಡಿಮಣ್ಣು, ಮಳೆ ಬಿಟ್ಟು ಮೂರು ದಿನವಾದರೂ ಬುಡ ಪಚಪಚ. ಎಳೇ ಗಿಡಗಳ ಸೋಗೆ ಹಳದಿಯಾಗಿದೆ. ಇಳಿಜಾರಿಗೆ ನೇರವಾಗಿ ತೆಗೆದ ಒಂದೂವರೆ ಅಡಿ ಕಾಲುವೆಗಳಿವೆ. ಮೇಲೆ ಕೊರೆಯುತ್ತದೆ, ಕೆಳಗೆ ಹೂಳು ತುಂಬುತ್ತದೆ. ಎರಡು ಲೋಡ್ ಮರಳು ಬೆರೆಸಿದರೆ ಸರಿಹೋಗುತ್ತಾ?

ಬಸಿಗಾಲುವೆ:
ಮರಳು ತರಿಸಬೇಡಿ. ಜೇಡಿಗೆ ಸ್ವಲ್ಪ ಮರಳು ಸೇರಿದರೆ ಗಾರೆಯಂತೆ ಬಿಗಿಯುತ್ತದೆ, ಅಷ್ಟೆ. ಜಿಪ್ಸಮ್ ಅಂತ ಯಾರಾದರೂ ಹೇಳಿದರೆ ಅದೂ ಬೇಡ. ಅದು ಸೋಡಿಯಂ ಹೆಚ್ಚಿರುವ ಮಣ್ಣಿಗೆ, ನಮ್ಮ ಹುಳಿ ಮಣ್ಣಿಗಲ್ಲ.

ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ. ಮಳೆ ಬಿಟ್ಟ ಮರುದಿನ ಎರಡಡಿ ಗುಂಡಿ ತೆಗೆಯಿರಿ. ಮೇಲ್ಬದಿಯ ಗೋಡೆಯಿಂದ ನೀರು ಜಿನುಗಿದರೆ ಅದು ಒರತೆ. ಜಿನುಗದಿದ್ದರೆ ನೀವೇ ನೀರು ತುಂಬಿ, ಇಂಗಿದ ಮೇಲೆ ಇನ್ನೊಮ್ಮೆ ತುಂಬಿ ಅಳೆಯಿರಿ. ಗಂಟೆಗೆ ಅರ್ಧ ಇಂಚೂ ಇಳಿಯದಿದ್ದರೆ ಮಣ್ಣಿನದೇ ದೋಷ.

ತೋಟಿಗ:
ಮೇಲ್ಬದಿಯಿಂದಲೇ ಬರ್ತಿದೆ. ಒಂದೂಕಾಲು ಅಡಿ ಆಳದಲ್ಲಿ, ಕೆಂಪು ಮಣ್ಣು ಮುಗಿದು ಶೇಡಿ (ಬಿಗಿಯಾದ ಬಿಳಿ ಜೇಡಿಮಣ್ಣು) ಶುರುವಾಗುವ ಗೆರೆಯಲ್ಲಿ.

ಬಸಿಗಾಲುವೆ:
ಹಾಗಿದ್ದರೆ ಕೆಳಗೆ ಎಷ್ಟು ಅಗೆದರೂ ದಂಡ. ಶೇಡಿಯೊಳಗೆ ನೀರು ಇಳಿಯುವುದಿಲ್ಲ. ಗುಡ್ಡದ ನೀರು ಅದರ ಮೇಲೇ ಜಾರಿಕೊಂಡು ನಿಮ್ಮ ನಾಲ್ಕು ಸಾಲಿಗೆ ಬರುತ್ತಿದೆ. ಒದ್ದೆ ಶುರುವಾಗುವ ಜಾಗಕ್ಕಿಂತ ಮೇಲೆ ಅದನ್ನು ಅಡ್ಡ ಹಿಡಿಯಬೇಕು.

ಇಳಿಜಾರಿಗೆ ಅಡ್ಡವಾಗಿ, ಒಂದಡಿ ಅಗಲದ ಕಾಲುವೆ. ಆಳ ಎರಡಡಿ ಅಂತ ಲೆಕ್ಕ ಹಾಕಿ, ಆದರೆ ತಳ ಶೇಡಿಯೊಳಗೆ ಮೂರು ನಾಲ್ಕು ಇಂಚು ಹೋಗಲೇಬೇಕು. ಮೇಲೆಯೇ ನಿಂತರೆ ನೀರು ಅಡಿಯಿಂದ ನುಸುಳಿಹೋಗುತ್ತದೆ. ನೂರಡಿಗೆ ಒಂದಡಿ ಇಳಿತ ಕೊಡಿ. ಲೆವೆಲ್ ಪೈಪ್ (ನೀರು ತುಂಬಿ ಮಟ್ಟ ನೋಡುವ ಪಾರದರ್ಶಕ ಪೈಪ್) ಹಿಡಿದು ಹತ್ತಡಿಗೊಂದು ಗೂಟ, ಗೂಟದಿಂದ ಗೂಟಕ್ಕೆ ಒಂದೂಕಾಲು ಇಂಚಿನಷ್ಟು ಇಳಿತ. ಕಣ್ಣಂದಾಜು ನಂಬಬೇಡಿ, ಇಳಿಜಾರಿನಲ್ಲಿ ಕಣ್ಣು ಮೋಸ ಮಾಡುತ್ತದೆ. ನೀರು ಹೊರಬೀಳುವ ತುದಿಯಿಂದ ಅಗೆಯುತ್ತ ಬನ್ನಿ.

ಕಾಲುವೆಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ) ಹಾಸಿ, ಮೂರು ಇಂಚು ಜಲ್ಲಿ, ಅದರ ಮೇಲೆ ತೂತು ಹೊಡೆದ ನಾಲ್ಕಿಂಚಿನ ಪಿವಿಸಿ ಪೈಪ್, ತೂತು ಕೆಳಮುಖ. ಮತ್ತೆ ಜಲ್ಲಿ ಸುರಿದು ಒಟ್ಟು ಒಂದೂವರೆ ಅಡಿ ತುಂಬಿಸಿ, ಬಟ್ಟೆ ಮಡಚಿ, ಮೇಲೆ ಮಣ್ಣು. ನೂರಡಿಗೆ ಇಪ್ಪತ್ತಡಿಯ ಐದು ಪೈಪ್, 20 ಎಂಎಂ ಜಲ್ಲಿ ಒಂದೂವರೆ ಬ್ರಾಸ್ (ಬ್ರಾಸ್ ಅಂದರೆ ನೂರು ಘನ ಅಡಿ). ಪುಡಿ ಬೆರೆತ ಜಲ್ಲಿ ಬಂದರೆ ವಾಪಸ್ ಕಳಿಸಿ. ಬಟ್ಟೆಯನ್ನು ಪೈಪಿಗೇ ಸುತ್ತಬೇಡಿ, ಜೇಡಿ ಅಂಟಿ ತೂತೆಲ್ಲ ಮುಚ್ಚಿಹೋಗುತ್ತದೆ.

ಮಣ್ಣುಹುಳು:
ಎರಡು ಮಾತು ಸೇರಿಸುತ್ತೇನೆ. ಧರೆಯ ಬುಡ ಕಡಿಯಬೇಡಿ, ಹತ್ತಡಿಯಾದರೂ ಬಿಟ್ಟು ಅಗೆಯಿರಿ. ಮಳೆಗಾಲದಲ್ಲಿ ಅಲ್ಲಿ ಕಾಲುವೆ ತೆರೆದಿಟ್ಟರೆ ಧರೆ ಕುಸಿಯುತ್ತದೆ. ಕೆಲಸ ಫೆಬ್ರವರಿ ಮೇಲೆ ಹಿಡಿಯಿರಿ. ಹಸಿ ಜೇಡಿಗೆ ಗುದ್ದಲಿ ತಾಗಿದರೆ ಗೋಡೆ ನುಣ್ಣಗೆ ಮೆತ್ತಿಕೊಂಡು ನೀರು ಒಳಬರುವ ಸಂದೆಲ್ಲ ಮುಚ್ಚುತ್ತದೆ.

ಹಳೇ ಕಾಲುವೆಗಳನ್ನು ಎರಡು ಸಾಲಿಗೊಂದರಂತೆ ಉಳಿಸಿಕೊಂಡು, ತಳವನ್ನು ನೆಟ್ಟ ಗುಂಡಿಯ ತಳಕ್ಕಿಂತ ಅರ್ಧ ಅಡಿ ಕೆಳಗೆ ಇಳಿಸಿ. ಇಲ್ಲದಿದ್ದರೆ ಜೇಡಿಯಲ್ಲಿ ತೆಗೆದ ಗುಂಡಿಯೇ ಬಕೆಟ್ ಆಗಿ ಬೇರು ಕೊಳೆಯುತ್ತದೆ. ಕೊರೆತ ಬೀಳುವ ಕಡೆ ಕಲ್ಲು ಹಾಸಿ. ಕೊನೆಗೆ ನೀರು ಹಳ್ಳಕ್ಕೇ ಸೇರಲಿ, ಪಕ್ಕದವರ ತೋಟಕ್ಕಲ್ಲ.

ಹಳದಿಗೆ ಈಗಲೇ ಯೂರಿಯಾ ಹಾಕಬೇಡಿ, ಉಸಿರುಗಟ್ಟಿದ ಬೇರು ಅದನ್ನು ಎಳೆದುಕೊಳ್ಳುವುದಿಲ್ಲ. ನೀರು ನಿಲ್ಲದ ಮೇಲಿನ ಸಾಲುಗಳಲ್ಲೂ ಹಳದಿ ಇದೆಯಾ? ಇದ್ದರೆ ಹಳದಿ ಎಲೆ ರೋಗವೂ ಇರಬಹುದು, ಫೋಟೋ ಹಾಕಿ.