ಬಂಗುಡೆ, ಬಸಳೆ, ಭಟ್ರು

"ಟೆರೇಸಿನಲ್ಲಿ ಕೆಂಡ ಹಾಕಿ ಸುಡಲಿಕ್ಕೆ ವಸಂತ ಆಗ್ಬೇಕು ಅಂದದ್ದಲ್ವಾ? ವಸಂತ ಅಂದ್ರೆ ಚೈತ್ರ, ವೈಶಾಖ" ಅಂದ್ರು ಭಟ್ರು.

"ಅದು ಘಟ್ಟದ ಮೇಲಿನವರ ವಸಂತ ಭಟ್ರೆ" ಅಂದ್ರು ಮೇಷ್ಟ್ರು. "ಚೈತ್ರದಲ್ಲಿ ಮಂಗಳೂರಿನ ಟೆರೇಸ್ ಹತ್ತಿದ್ರೆ ಕೆಂಡ ಯಾಕೆ? ಮಸಾಲೆ ಹಚ್ಚಿಕೊಂಡು ಕೂತ್ರೆ ನಾವೇ ಬೇಯ್ತೇವೆ. ನಮ್ಮ ವಸಂತ ಡಿಸೆಂಬರ್ ಅರ್ಧಕ್ಕೆ ಬಂದು ಫೆಬ್ರವರಿ ಮುಗಿಯುವಾಗ ಬಸ್ಸು ಹತ್ತುವ ಜಾತಿಯದ್ದು. ಬೆಳಿಗ್ಗೆ 21, 22 ಡಿಗ್ರಿ. ಅಷ್ಟಕ್ಕೇ ಕದ್ರಿ ಪಾರ್ಕಿನಲ್ಲಿ ಮಂಕಿ ಕ್ಯಾಪು ಕಾಣ್ತದೆ."

ಸ್ಥಳ ಬಿಜೈಯ ಒಂದು ಟೆರೇಸು, ಕಾಲ ಫೆಬ್ರವರಿಯ ಸಂಜೆ ಐದೂವರೆ. ಪಶ್ಚಿಮದ ಗೋಡೆಗೆ ತಾಗಿ ಬಸಳೆ, ಹರಿವೆ, ಗುಳ್ಳ ಬದನೆ, ಮಲ್ಲಿಗೆ. ಪೂರ್ವದ ಮೂಲೆಯಲ್ಲಿ ನಾಲ್ಕು ಕೆಂಪುಕಲ್ಲು, ಅದರ ಮುಂದೆ ಲುಂಗಿ ಎತ್ತಿ ಕಟ್ಟಿದ ಶೆಟ್ರು. ಭಟ್ರು ಬಂದದ್ದು ಗುಳ್ಳ ಸುಡಲಿಕ್ಕೆ. ಅವರ ಜಾಲರಿ ಅವರದ್ದೇ, ಮನೆಯಿಂದ ಪೇಪರಿನಲ್ಲಿ ಸುತ್ತಿ ತಂದದ್ದು.

"ಗ್ರಿಲ್ ಆಗ್ನೇಯದಲ್ಲಿ ಇಡ್ಬೇಕು, ಅದು ಅಗ್ನಿಮೂಲೆ" ಅಂದ್ರು ಭಟ್ರು.

"ವಾಸ್ತು ಆಮೇಲೆ ಕೇಳುವ, ಮೊದಲು ಕಡಲನ್ನು ಕೇಳಿ" ಅಂದ್ರು ಶೆಟ್ರು. "ಹನ್ನೊಂದು ಹನ್ನೆರಡಕ್ಕೆ ಕಡಲಗಾಳಿ ಶುರು, ಪಶ್ಚಿಮದಿಂದ ಒಳಗೆ. ಕತ್ತಲಾದ ಮೇಲೆ ಸೋಲ್ತದೆ. ರಾತ್ರಿ ತಿರುಗಿ ನೆಲದ ಗಾಳಿ, ಪೂರ್ವದಿಂದ. ಈಗ ಹಚ್ಚಿದ್ರೆ ಹೊಗೆ ಹೊರಗೆ ಹೋಗ್ತದೆ. ಒಂಬತ್ತೂವರೆಗೆ ಹಚ್ಚಿದ್ರೆ ನಮ್ಮ ಮುಖಕ್ಕೇ ಬರ್ತದೆ, ಗಿಡಕ್ಕೂ ಬರ್ತದೆ."

"ಪೂರ್ವದ ಮನೆಯವರು ಹಪ್ಪಳ ಒಣಗಿಸಿದ್ದಾರೆ" ಅಂತ ಬಾಯಮ್ಮ ಇಣುಕಿದ್ರು.

"ಹೊಗೆ ಹಿಡಿದ ಹಪ್ಪಳ. ಬೆಂಗಳೂರಿನಲ್ಲಿ ಅದಕ್ಕೆ ಡಬಲ್ ರೇಟು."

ಕೆಂಪುಕಲ್ಲಿನ ಅಡಿಗೆ ಎರಡು ಇಂಚು ಮರಳು ಹಾಸಿತ್ತು. ಅದು ಚಂದಕ್ಕೆ ಅಲ್ಲ. ಕೆಂಡದ ಬಿಸಿ ನೇರ ತಾಗಿದ್ರೆ ಕಾಂಕ್ರೀಟಿನೊಳಗಿನ ತೇವ ಆವಿಯಾಗಿ ಮೇಲಿನ ಪದರ ಚಕ್ಕೆ ಏಳ್ತದೆ. ಗೊತ್ತಾಗುದು ಜೂನಿನಲ್ಲಿ, ಹಾಸಿಗೆಯ ಮೇಲೆ ಹನಿ ಬೀಳುವಾಗ. ಕಲ್ಲು ಕೂಡ ಒಣಗಿದ್ದೇ ಆಗ್ಬೇಕು. ಮಳೆ ಕುಡಿದ ಕೆಂಪುಕಲ್ಲಿಗೆ ಒಮ್ಮೆಲೇ ಬೆಂಕಿ ಕೊಟ್ರೆ ಸೀಳ್ತದೆ.

ಮೇಷ್ಟ್ರು ಜಾಲರಿ ಎರಡನ್ನೂ ಎತ್ತಿ ನೋಡಿದ್ರು. "ಶೆಟ್ರದ್ದು ಸ್ಟೀಲು, ಅಡ್ಡಿಲ್ಲ. ಭಟ್ರೆ, ಇದು ಎಂತದ್ದು, ಕೋಳಿಗೂಡಿನದ್ದಾ?"

"ಶಾಂತಂ ಪಾಪಂ. ತೊಂಡೆ ಚಪ್ಪರದ್ದು."

"ಸತುವಿನ ಲೇಪದ ತಂತಿ ಇದು. ಕೆಂಡದ ಮೇಲೆ ಇಟ್ರೆ ಸತು ಬಿಳಿ ಹೊಗೆಯಾಗಿ ಏಳ್ತದೆ. ಅದನ್ನು ಎಳ್ಕೊಂಡವನಿಗೆ ರಾತ್ರಿ ಚಳಿಜ್ವರ. ಹಳೇ ಸತುವಿನ ಬಾಲ್ದಿಯಲ್ಲಿ ಒಲೆ ಮಾಡುವವರಿಗೂ ಇದೇ ಪಾಡು."

ಭಟ್ರ ಮುಖ ಬಾಡಿತು. ಮೀನಿನ ಜಾಲರಿ ಮುಟ್ಟುವ ಹಾಗಿಲ್ಲ, ತಮ್ಮದು ಇಡುವ ಹಾಗಿಲ್ಲ. ಬಾಯಮ್ಮನೇ ದಾರಿ ತೋರಿಸಿದ್ರು. "ಗುಳ್ಳಕ್ಕೆ ಜಾಲರಿ ಯಾಕೆ? ನೇರ ಕೆಂಡದ ಮೇಲೆ ಇಡಿ. ಬಂಗುಡೆ ಇಳಿಯುವ ಮೊದಲೇ."

ಕೆಂಡ ತೆಂಗಿನ ಗೆರಟೆಯದ್ದು. ಹಸಿ ಗೆರಟೆಯನ್ನು ಹಾಗೇ ಉರಿಸಿದ್ರೆ ಡಾಂಬರಿನ ಹಾಗೆ ಹೊಗೆ, ಮೀನು ರಸ್ತೆ ರಿಪೇರಿಯ ವಾಸನೆ ಬರ್ತದೆ. ಮೊದಲು ಇದ್ದಿಲು ಮಾಡ್ಬೇಕು. ಮುಚ್ಚಳ ಬಿಗಿಯಾದ ತಗಡಿನ ಡಬ್ಬದಲ್ಲಿ ಚೂರುಗಳನ್ನು ಒತ್ತಿ ತುಂಬಿ ಬೆಂಕಿ ಕೊಡುದು. ದಪ್ಪ ಬಿಳಿ ಹೊಗೆ ತೆಳ್ಳಗಾಗಿ ನೀಲಿಗೆ ತಿರುಗಿದ ಕೂಡ್ಲೇ ಮುಚ್ಚಳ ಹಾಕಿ, ಸಂದಿಗೆ ಒದ್ದೆ ಮಣ್ಣು ಮೆತ್ತಿ ಒಂದು ರಾತ್ರಿ ಬಿಡುದು. ಗಡಿಬಿಡಿಯಲ್ಲಿ ಬೇಗ ತೆಗೆದ್ರೆ ಗಾಳಿ ಸಿಕ್ಕಿ ಎಲ್ಲ ಬೂದಿ. ನಾಲ್ಕು ಕಿಲೋ ಗೆರಟೆಗೆ ಹೆಚ್ಚು ಕಡಿಮೆ ಒಂದು ಕಿಲೋ ಇದ್ದಿಲು ಸಿಗ್ತದೆ, ನಾಲ್ಕು ಜನರ ಸಂಜೆಗೆ ಅಷ್ಟು ಸಾಕು.

"ಸೀಮೆಎಣ್ಣೆ ಸ್ವಲ್ಪ ಚಿಮುಕಿಸಿದ್ರೆ ಬೇಗ..." ಅಂತ ಭಟ್ರು ಬಾಯಿ ತೆರೆದ್ರು.

"ಆಮೇಲೆ ಗುಳ್ಳದ ಗೊಜ್ಜನ್ನು ಲ್ಯಾಂಪಿಗೆ ಹಾಕಿ." ಶೆಟ್ರದ್ದು ಬೇರೆ ಏರ್ಪಾಡು. ಎರಡೂ ಕಡೆ ತೆರೆದ ಖಾಲಿ ಎಣ್ಣೆಡಬ್ಬ, ಬುಡದ ಸುತ್ತ ಹತ್ತು ಹನ್ನೆರಡು ತೂತು, ಒಳಗೆ ಅಡ್ಡ ತಂತಿ. ತಂತಿಯ ಕೆಳಗೆ ಎರಡು ಹಾಳೆ ಪೇಪರು, ಮೇಲೆ ಇದ್ದಿಲು. 20, 25 ನಿಮಿಷಕ್ಕೆ ಮೇಲಿನ ಇದ್ದಿಲಿಗೂ ಬೂದಿಯ ಬಿಳಿ ಹೊದಿಕೆ ಬಂತು. ಇಕ್ಕಳದಲ್ಲಿ ಹಿಡಿದು ಒಲೆಗೆ ಸುರಿದ್ರು, ಆದ್ರೆ ಎಲ್ಲಾ ಕಡೆ ಹರಡಲಿಲ್ಲ. ಒಂದು ಬದಿಗೆ ಮಾತ್ರ, ಇನ್ನೊಂದು ಬದಿ ಖಾಲಿ.

"ಜಿಪುಣತನವಾ?"

"ತುರ್ತು ನಿರ್ಗಮನ ದ್ವಾರ ಅದು. ಬಂಗುಡೆಯ ಎಣ್ಣೆ ಕೆಂಡಕ್ಕೆ ಬಿದ್ದ ಕೂಡ್ಲೇ ಉರಿ ಏಳ್ತದೆ. ಆಗ ನೀರು ಹೊಡೆಯುವವನು ಮೀನಿಗೆ ಬೂದಿ ಬಳಿಯುವವನು. ಮೀನನ್ನು ಖಾಲಿ ಬದಿಗೆ ಸರಿಸುದು, ಉರಿ ಇಳಿದ ಮೇಲೆ ವಾಪಸು ತರುದು."

ಮೊದಲು ಗುಳ್ಳ. ಉಡುಪಿ ಹತ್ತಿರದ ಮಟ್ಟುವಿನದ್ದು, 2011ರಲ್ಲಿ ಜಿಐ, ಅಂದ್ರೆ ಊರಿನ ಹೆಸರಿನ ಮಾನ್ಯತೆ, ಸಿಕ್ಕಿದ್ದು. ಹಸಿರು ಮೈಗೆ ಬಿಳಿ ಗೀರು, ತೊಟ್ಟಿನಲ್ಲಿ ಮುಳ್ಳು. ವಾದಿರಾಜರು ಕೊಟ್ಟ ಬೀಜ ಅಂತ ನಂಬಿಕೆ, ಹಾಗಾಗಿ ಭಟ್ರು ಅದನ್ನು ಎತ್ತುವಾಗ ಸ್ವಲ್ಪ ಬಗ್ಗುತ್ತಾರೆ. ಚಾಕುವಿನ ತುದಿಯಿಂದ ಐದಾರು ಕಡೆ ಚುಚ್ಚಿದ್ರು, ಇಲ್ಲದಿದ್ರೆ ಒಳಗಿನ ಆವಿಗೆ ಪಟಾಕಿಯ ಹಾಗೆ ಒಡೀತದೆ. ತೆಂಗಿನೆಣ್ಣೆ ಸವರಿ ಕೆಂಡದ ಮೇಲಿಟ್ಟು ಮೂರು ನಿಮಿಷಕ್ಕೊಮ್ಮೆ ತಿರುಗಿಸಿದ್ರು. ಸಿಪ್ಪೆ ಕರಟಿ ಗರಿಗರಿ ಆಗ್ತದೆ, ಚುಚ್ಚಿದ ತೂತಿನಿಂದ ರಸ ಉಕ್ಕಿ ಚುಂಯ್ ಅಂತದೆ, ತೊಟ್ಟಿನ ಬುಡ ಒತ್ತಿದ್ರೆ ಬೆರಳು ಒಳಗೆ ಹೋಗ್ತದೆ. ಹನ್ನೆರಡರಿಂದ ಹದಿನೈದು ನಿಮಿಷ ಹಿಡಿಯಿತು. ತಟ್ಟೆ ಕವುಚಿ ಐದು ನಿಮಿಷ ಬಿಟ್ಟ ಮೇಲೆ ಸಿಪ್ಪೆ ಅಂಗಿಯ ಹಾಗೆ ಕಳಚಿತು.

"ನಳ್ಳಿಯಲ್ಲಿ ತೊಳೆದ್ರೆ ಕರಿ ಬೇಗ ಹೋಗ್ತದಲ್ವಾ?" ಮೇಷ್ಟ್ರು.

"ಸುಟ್ಟ ರುಚಿಯೂ ಹೋಗ್ತದೆ. ಮತ್ತೆ ಸುಡುದು ಯಾಕೆ, ಬೇಯಿಸಿದ್ರೆ ಸಾಕಿತ್ತು." ಸುಟ್ಟ ಹಸಿಮೆಣಸು ಎರಡು, ಉಪ್ಪು, ಹುಣಸೆ, ಚೂರು ಬೆಲ್ಲ ಸೇರಿಸಿ ಕಿವುಚುದು. ಮೇಲೆ ತೆಂಗಿನೆಣ್ಣೆಯಲ್ಲಿ ಸಾಸಿವೆ, ಕರಿಬೇವಿನ ಒಗ್ಗರಣೆ. "ಮಿಕ್ಸಿಗೆ ಹಾಕುವವರು ನರಕಕ್ಕೆ ಹೋಗ್ತಾರೆ, ಅಲ್ಲಿ ಅವರಿಗೆ ದಿನಾ ಮಿಕ್ಸಿಯ ಗೊಜ್ಜು."

ಈಗ ಬಂಗುಡೆಯ ಸರದಿ. ಮೀನಿನ ಧಕ್ಕೆಯಿಂದ ಬಂದ ಎಂಟು, ಸಮ ತೂಕದ ಐಸಿನಲ್ಲಿ ಹೂತು ಇಟ್ಟದ್ದು. "ಕೆಂಡ ಆಗುವವರೆಗೆ ಹೊರಗೆ ಇಡುವ ಅಂತ ಹೇಳ್ತಾರಲ್ಲ, ಆ ಅಭ್ಯಾಸವೇ ಸರಿಯಿಲ್ಲ" ಅಂದ್ರು ಮೇಷ್ಟ್ರು. "ಬಂಗುಡೆ ಬಿಸಿಯಲ್ಲಿ ಕೂತ್ರೆ ಅದರಲ್ಲಿ ಹಿಸ್ಟಮಿನ್ ಅನ್ನುವ ರಾಸಾಯನಿಕ ಬೆಳೀತದೆ. ಅದು ಸುಟ್ರೂ ಹೋಗುದಿಲ್ಲ. ತಿಂದವರ ಮುಖ ಕೆಂಪಾಗಿ ಮೈ ತುರಿಸ್ತದೆ, ಎಲ್ಲರೂ ಮಸಾಲೆಗೆ ಬೈತಾರೆ."

ಮಸಾಲೆಯ ವಿಷಯದಲ್ಲಿ ಶೆಟ್ರಿಗೂ ಬಾಯಮ್ಮನಿಗೂ ಹಳೇ ವ್ಯಾಜ್ಯ. ಎಂಟು ಮೀನಿಗೆ 15 ಬ್ಯಾಡಗಿ, 4 ಗುಂಟೂರು, ಎಂಟು ಎಸಳು ಬೆಳ್ಳುಳ್ಳಿ, ಒಂದು ಚಮಚ ಕಾಳುಮೆಣಸು, ಅರ್ಧರ್ಧ ಚಮಚ ಜೀರಿಗೆ, ಅರಸಿನ. ಇಲ್ಲಿವರೆಗೆ ಶಾಂತಿ. ಹುಳಿಗೆ ಹುಣಸೆಯಾ ವಿನೆಗರಾ ಅನ್ನುವಲ್ಲಿ ಯುದ್ಧ. ತೀರ್ಪು ಕೊಡುವ ಧೈರ್ಯ ಯಾರಿಗೂ ಇಲ್ಲ. ನನ್ನ ನಾಲಿಗೆ ಹುಣಸೆಯ ಕಡೆ, ಆದ್ರೆ ವಿನೆಗರಿನವರ ಬಾಟ್ಲಿ ಹತ್ತಿರವೇ ಇತ್ತು. ಅರೆಯುವಾಗ ನೀರು ಕಡಿಮೆ ಅನ್ನುದರಲ್ಲಿ ಮಾತ್ರ ಇಬ್ಬರದ್ದೂ ಒಂದೇ ಮಾತು. ತೆಳ್ಳಗಾದ ಮಸಾಲೆ ಕೆಂಡಕ್ಕೆ ಇಳಿದು ಘಾಟು ಏಳಿಸ್ತದೆ, ಮೀನು ಬೋಳಾಗಿ ಉಳೀತದೆ.

"ಮೀನು ಜಾಲರಿಗೆ ಅಂಟಿ ಸಿಪ್ಪೆ ಸಮೇತ ಎದ್ದು ಬರುದಕ್ಕೆ ಕಾರಣ ಮೂರೇ" ಅಂದ್ರು ಶೆಟ್ರು. "ಮೀನು ಒದ್ದೆ, ಜಾಲರಿ ತಣ್ಣಗೆ, ಮನುಷ್ಯನಿಗೆ ಅವಸರ." ಬಟ್ಟೆಯಲ್ಲಿ ಒರೆಸಿ, ಎರಡೂ ಬದಿಗೆ ಮೂರು ಮೂರು ಗೀರು ಹಾಕಿ, ಉಪ್ಪು ಹಚ್ಚಿ ಹತ್ತು ನಿಮಿಷ, ಮತ್ತೆ ಒರೆಸಿ ಮಸಾಲೆ ತೆಳ್ಳಗೆ. ಜಾಲರಿಯನ್ನು ಐದು ನಿಮಿಷ ಖಾಲಿ ಕಾಯಿಸಿ ಎಣ್ಣೆ ಬಟ್ಟೆಯಲ್ಲಿ ಒರೆಸುದು. ಅದರ ಮೇಲೆ ಒಂದು ಗೇಣು ಎತ್ತರಕ್ಕೆ ಅಂಗೈ ಹಿಡಿದು "ಒಂದು, ಎರಡು, ಮೂರು" ಎಣಿಸುದು. ಎರಡಕ್ಕೇ ಕೈ ಎಳೆದ್ರೆ ಬಿಸಿ ಜಾಸ್ತಿ, ನಾಲ್ಕರ ಹತ್ತಿರ ಎಳೆದ್ರೆ ಸರಿ, ಏಳರವರೆಗೆ ಆರಾಮವಾಗಿ ನಿಂತ್ರೆ ಮೀನು ಸುಡುದಿಲ್ಲ, ಸ್ಟೀಮ್ ಬಾತ್ ತಗೊಳ್ತದೆ. ಒಂದು ಬದಿಗೆ ನಾಲ್ಕೈದು ನಿಮಿಷ, ಅಲ್ಲಿವರೆಗೆ ಮುಟ್ಟಬಾರದು. ಬೆಂದ ಮೀನು ತಾನೇ ಜಾಲರಿ ಬಿಡ್ತದೆ. ಬಾಯಮ್ಮ ಗಿಡದಿಂದ ಮಜ್ಜಿಗೆಹುಲ್ಲಿನ ಕಂತೆ ಕಿತ್ತು, ಬುಡ ಜಜ್ಜಿ ಬ್ರಷ್ ಮಾಡಿ ಕೊಟ್ರು. ತಿರುಗಿಸಿದ ಮೇಲೆ ಅದರಿಂದಲೇ ಎಣ್ಣೆ ಬೆರೆಸಿದ ಎರಡನೇ ಮಸಾಲೆ. ಮೊದಲೇ ದಪ್ಪ ಹಚ್ಚಿದ್ರೆ ಮೆಣಸು ಕರಟಿ ಕಹಿ.

"ಅರಸಿನ ಎಲೆಯಲ್ಲಿ ಸುತ್ತಿದ್ರೆ?"

"ಫೆಬ್ರವರಿಯಲ್ಲಿ ಅರಸಿನ ಎಲೆ ಎಲ್ಲುಂಟು ಮೇಷ್ಟ್ರೆ? ಗಿಡ ಒಣಗಿ ಗಡ್ಡೆ ಕೀಳುವ ಕಾಲ. ಬಾಳೆಎಲೆ ಬಾಡಿಸಿ ಸುತ್ತಿ. ಕಡ್ಡಿಗೆ ಪೋಣಿಸುದಾದ್ರೆ ಬಿದಿರಿನದ್ದು, ಅರ್ಧ ಗಂಟೆ ನೀರಲ್ಲಿ ನೆನೆಸಿ. ಬೇಲಿಯ ಕಣಗಿಲೆ ಕಡ್ಡಿ ನೇರ ಉಂಟು ಅಂತ ಮುರೀಬೇಡಿ, ವಿಷ ಅದು. ಹಸಿ ಗೇರುಬೀಜವನ್ನು ಇದೇ ಕೆಂಡಕ್ಕೆ ಎಸೀಬೇಡಿ. ಸಿಪ್ಪೆಯ ಎಣ್ಣೆ ಸಿಡಿದಲ್ಲಿ ಬೊಬ್ಬೆ ಏಳ್ತದೆ, ನಾವೂ ಬೊಬ್ಬೆ ಹಾಕ್ಬೇಕಾಗ್ತದೆ."

ಅಷ್ಟರಲ್ಲಿ ಭಟ್ರು ಟೊಮೆಟೊದ ಹತ್ತಿರ ಹೋಗಿ ನಿಂತಿದ್ರು. ನಿನ್ನೆ ನೆಟ್ಟಗೆ ಇದ್ದ ಗಿಡ ಇವತ್ತು ಹಸಿರು ಎಲೆ ಇದ್ದ ಹಾಗೆಯೇ ಜೋತುಬಿದ್ದಿತ್ತು. "ದೃಷ್ಟಿ ತಾಗಿದ್ದು. ಇಲ್ಲಾ ನೀರು ಸಾಕಾಗಲಿಲ್ಲ."

"ಗ್ಲಾಸಿನಲ್ಲಿ ನೀರು ತನ್ನಿ" ಅಂದ್ರು ಬಾಯಮ್ಮ. ಬುಡದ ಕಾಂಡ ಓರೆಯಾಗಿ ಕತ್ತರಿಸಿ, ತುದಿ ಮಾತ್ರ ನೀರಿಗೆ ತಾಗುವ ಹಾಗೆ ಹಿಡಿದ್ರು. ಎಲ್ಲರೂ ಬಗ್ಗಿ ನೋಡಿದ್ರು. ಎರಡು ಮೂರು ನಿಮಿಷದಲ್ಲಿ ಕೊಯ್ದ ಬಾಯಿಯಿಂದ ಹಾಲಿನಂಥ ಬಿಳಿ ನೂಲು ಇಳಿದು ನೀರಿನಲ್ಲಿ ಜೋಲಾಡಿತು. "ಬ್ಯಾಕ್ಟೀರಿಯಾದ ಸೊರಗು ರೋಗ. ನೀರು ಕೊಟ್ರೂ ಏಳುದಿಲ್ಲ, ಮಂತ್ರ ಹೇಳಿದ್ರೂ ಏಳುದಿಲ್ಲ. ಗಿಡ ಸುಟ್ಟು, ಆ ಬ್ಯಾಗಿನ ಮಣ್ಣಿಗೆ ಮತ್ತೆ ಟೊಮೆಟೊ, ಬದನೆ, ಮೆಣಸು ಹಾಕ್ಬಾರ್ದು. ಅಲಸಂಡೆ, ಹರಿವೆ ಆಗ್ತದೆ. ಗುಳ್ಳಕ್ಕೂ ಇದೇ ಹೆದರಿಕೆ. ಕುದನೆ ಅನ್ನುವ ಕಾಡುಬದನೆಯ ಬುಡಕ್ಕೆ ಕಸಿ ಕಟ್ಟಿದ್ರೆ ಮಾತ್ರ ಬಹಳ ಮಟ್ಟಿಗೆ ತಡೀತದೆ."

"ಬೂದಿ ಹಾಕಿದ್ರೆ?"

ಬೂದಿ ಅಂದ ಕೂಡ್ಲೇ ಮೇಷ್ಟ್ರು ಪಾಠಕ್ಕೆ ಎದ್ದು ನಿಂತ್ರು. ನಮ್ಮ ಕೆಂಪುಮಣ್ಣು ಹುಳಿ, ಮಳೆ ಅದರ ಸುಣ್ಣದ ಅಂಶವನ್ನೆಲ್ಲ ತೊಳೆದು ಕಡಲಿಗೆ ಕೊಂಡೊಯ್ತದೆ. ಗೆರಟೆ ಬೂದಿ ಕ್ಷಾರ, ಪೊಟ್ಯಾಶ್ ಧಾರಾಳ. ಹಾಗಾಗಿ 12 ಇಂಚಿನ ಬ್ಯಾಗಿಗೆ ತಿಂಗಳಿಗೆ ಒಂದು ಹಿಡಿ, ಬುಡದಿಂದ ನಾಲ್ಕು ಬೆರಳು ದೂರ, ಮಣ್ಣಿಗೆ ಬೆರೆಸಿ. ಯೂರಿಯಾ ಅಥವಾ ಹಸಿ ಸೆಗಣಿಯ ಜೊತೆ ಕಲಸಿದ್ರೆ ಸಾರಜನಕ ಅಮೋನಿಯಾ ಆಗಿ ಮೂಗಿಗೆ ಬರ್ತದೆ, ಬೇರಿಗೆ ಹೋಗುದಿಲ್ಲ. "ಬಂಗುಡೆಯ ಎಣ್ಣೆ, ಉಪ್ಪು ಬಿದ್ದ ಬೂದಿ ಬೇಡ, ಎಣ್ಣೆ ಬೀಳದ ಅಂಚಿನದ್ದು ತಗೊಳ್ಳಿ. ತಣಿದ ಮೇಲೆ, ನಾಳೆ."

"ಮಲ್ಲಿಗೆಗೆ ಎರಡು ಹಿಡಿ ಹಾಕ್ತೇನೆ" ಅಂದ್ರು ಭಟ್ರು.

ಬಾಯಮ್ಮ ಅಡ್ಡ ಬಂದ್ರು. "ಅದು ಶಂಕರಪುರ ಮಲ್ಲಿಗೆ, ಮುಟ್ಟಬೇಡಿ. ಬೂದಿ ಹೆಚ್ಚಾದ್ರೆ ಗಿಡಕ್ಕೆ ಕಬ್ಬಿಣ ಸಿಗುದಿಲ್ಲ. ನರ ಹಸಿರು, ಎಲೆ ಹಳದಿ. ಮೊಗ್ಗು ನೇರಳೆಗೆ ತಿರುಗಿದ್ರೆ ಅದು ಬೇರೆ, ಒಳಗೆ ಹುಳ ಉಂಟು ಅಂತ ಅರ್ಥ, ಕಿತ್ತು ನಾಶ ಮಾಡ್ಬೇಕು. ಮಲ್ಲಿಗೆ ಮಾರುವ ಲೆಕ್ಕದಲ್ಲಿ ಒಂದು ಅಟ್ಟೆಗೆ ನಾಲ್ಕು ಚೆಂಡು, ಚೆಂಡಿಗೆ 800 ಮೊಗ್ಗು. ನಿಮ್ಮ ಎರಡು ಹಿಡಿಗೆ ಎಷ್ಟು ಚೆಂಡು ಲುಕ್ಸಾನು ಅಂತ ಲೆಕ್ಕ ಹಾಕಿ."

"ಇನ್ನೂ ಹತ್ತು ಬ್ಯಾಗ್ ತರುವ" ಅಂದ್ರು ಶೆಟ್ರು, ಮೀನು ತಿರುಗಿಸ್ತಾ.

"ಗೋಡೆಯ ಬದಿಗೆ, ತೊಲೆಯ ಮೇಲೆ ಮಾತ್ರ" ಅಂದ್ರು ಮೇಷ್ಟ್ರು. "ಟೆರೇಸಿಗೆ ಲೆಕ್ಕ ಹಾಕುವ ಭಾರ ಚದರ ಮೀಟರಿಗೆ 150 ಕಿಲೋ. ಒಂದಡಿ ಒದ್ದೆ ಮಣ್ಣು ಹಾಸಿದ್ರೆ 450 ದಾಟ್ತದೆ. ಅದಕ್ಕೇ ಮಣ್ಣು, ತೊಳೆದ ತೆಂಗಿನ ನಾರಿನ ಹುಡಿ, ಕಾಂಪೋಸ್ಟು ಸಮಸಮ, ಮೇಲೊಂದು ಹಿಡಿ ಬೇವಿನ ಹಿಂಡಿ. ನಾರಿನ ಹುಡಿ ತೊಳೆಯದೆ ಹಾಕಿದ್ರೆ ಉಪ್ಪಿಗೆ ಎಲೆಯಂಚು ಸುಡ್ತದೆ."

"ಈ ವಾರ ಮಣ್ಣು ಅಗೆಯುವ ಹಾಗಿಲ್ಲ" ಅಂತ ಶೆಟ್ರು ನೆನಪಿಸಿದ್ರು. "ತುಳುವರ ಕೆಡ್ಡಸ ಹಬ್ಬ. ಭೂಮಿತಾಯಿಗೆ ಮೂರು ದಿನ ರಜೆ."

"ಸುಡಬಹುದಾ?"

"ಕೆಡ್ಡಸಕ್ಕೆ ಬೇಟೆಗೇ ಹೋಗ್ತಿದ್ರು ಮಾರಾಯ್ರೆ, ಸುಡಲಿಕ್ಕೆ ಎಂತ ಅಡ್ಡಿ?" ಗೆಣಸನ್ನು ಬೂದಿಯಲ್ಲಿ ಹೂತ್ರು. 40 ನಿಮಿಷ, ಕೆಂಡದಲ್ಲಿ ಅಲ್ಲ, ಬೂದಿಯಲ್ಲಿ.

ಉಳಿದದ್ದು ಮೂಲೆಯ ಬಾಲ್ದಿ. ಬಂಗುಡೆ ತೊಳೆದ ಮೊದಲ ನೀರು, ಉಪ್ಪು ಬೀಳುವ ಮೊದಲಿನದ್ದು. ಶೆಟ್ರು ಅದನ್ನು ಎತ್ತಿ ಬಸಳೆಯ ಕಡೆ ಹೊರಟದ್ದೇ, ಭಟ್ರು ಗೊಜ್ಜಿನ ಕೈಯಲ್ಲೇ ಅಡ್ಡ ನಿಂತ್ರು. ಆ ಬ್ಯಾಗಿನ ಬಳ್ಳಿ ಅರ್ಧ ಅವರ ಮನೆಗೆ ಹೋಗುದು.

"ಬಸಳೆ ಮೀನು ತಿಂದ್ರೆ ಬಸಳೆ ತಿಂದವನು ಯಾರಾದ?"

"ಬೇರು ಎಳ್ಕೊಳ್ಳುದು ನೈಟ್ರೇಟು. ಅದಕ್ಕೆ ಬಂಗುಡೆಯದ್ದು, ದನದ್ದು ಅಂತ ಹಣೆಪಟ್ಟಿ ಇರುದಿಲ್ಲ" ಅಂದ್ರು ಮೇಷ್ಟ್ರು.

"ಹಾಗೇ ಸುರಿದ್ರೆ ನೊಣ, ಬೆಕ್ಕು ಎರಡೂ ಬರ್ತವೆ. ಒಂದಕ್ಕೆ ಐದು ನೀರು ಸೇರಿಸಿ, ಮೇಲೆ ಮಣ್ಣು ಎಳೀಬೇಕು" ಅಂದ್ರು ಬಾಯಮ್ಮ. "ತಲೆ, ಕರುಳು ಇದ್ರೆ ಸಮ ತೂಕದ ಬೆಲ್ಲ ಹಾಕಿ ಮುಚ್ಚಿಟ್ಟು, ತಿಂಗಳಾದ ಮೇಲೆ ಸೋಸಿ ಲೀಟರಿಗೆ 3 ಮಿಲಿ. ಎಲೆ ಅಂಗೈ ಅಗಲ ಆಗ್ತದೆ."

ಭಟ್ರು ಬಸಳೆಯನ್ನು ನೋಡಿದ್ರು. ಎಲೆ ಎರಡು ಬೆರಳು ಅಗಲ ಇತ್ತು. ಬಾಲ್ದಿಯನ್ನು ನೋಡಿದ್ರು. ಗೊಜ್ಜಿನ ಪಾತ್ರೆ ಎತ್ತಿಕೊಂಡ್ರು.

"ನಾನು ಕೆಳಗೆ ಹೋಗಿ ಸೌಟು ತರ್ತೇನೆ. ಹತ್ತು ನಿಮಿಷ ಆಗ್ತದೆ."

"ಸೌಟು ಇಲ್ಲೇ ಉಂಟಲ್ವಾ ಭಟ್ರೆ?"

"ಅದು ಸಣ್ಣದು" ಅಂದವರು ಮೆಟ್ಟಿಲಿನ ಅರ್ಧಕ್ಕೆ ನಿಂತು, ತಿರುಗಿ ನೋಡದೆಯೇ ಕೇಳಿದ್ರು: "ಒಂದಕ್ಕೆ ಐದು ಅಂದದ್ದಲ್ವಾ?"